ತಿಜೋರಿ ಕೋಣೆಯ ಗೋಡೆ

"ನಿಲ್ಲಸ್ರಿ ಕೆಲಸ! ನನ್ನ ಗೋಡಿ ಕೊರ್ಯಾಕತ್ತಾನ ಇವ!"

ಸಂಗಮ್ಮ ಸೆರಗು ಬಿಗಿದು ಬ್ಯಾಂಕಿನ ಅರ್ಧ ಕಟ್ಟಿದ ಕಮಾನಿನ ಕೆಳಗೆ ನಿಂತುಬಿಟ್ಟಳು. ಸಾವಿರದ ಒಂಬೈನೂರ ನಲವತ್ತೊಂದರ ಬೇಸಿಗೆಯಲ್ಲಿ ಹುಮನಾಬಾದಿನ ಪೇಟೆಯೊಳಗೆ ಕರಿಕಲ್ಲಿನ ಎರಡಂತಸ್ತು ಏಳುತ್ತಿದ್ದದ್ದು ಅದೊಂದೇ. ಅಲ್ಲಿದ್ದ ಸಾಹುಕಾರರ ಹಳೇ ವಾಡೆ ಕೆಡವುವಾಗ ನೆಲದಲ್ಲಿ ಹೊನ್ನಿನ ಹಂಡೆ ಸಿಕ್ಕಿತಂತೆ ಎಂಬ ಸುದ್ದಿ ಹಬ್ಬಿ, ಅಕ್ಕಪಕ್ಕದವರು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡತೊಡಗಿದ್ದರು.

ಈಗ ಸಂಗಮ್ಮನ ಮನೆಗೆ ಒತ್ತಿಕೊಂಡೇ ಕಿಟಕಿಯಿಲ್ಲದ ತಿಜೋರಿ ಕೋಣೆ ಎದ್ದಿತ್ತು. ಮಧ್ಯಾಹ್ನವಾದರೆ ಆ ಕಡೆಯಿಂದ ದಡ್ ದಡ್ ಸದ್ದು. ಊಟಕ್ಕೆ ಬಂದು ಹಿಂದಿನ ಕೋಣೆಯಲ್ಲಿ ಅಡ್ಡಾಗುತ್ತಿದ್ದ ಮೈದುನ ವೈಜನಾಥನೂ ಹೇಳಿದ್ದ: "ನಿದ್ದಿನೇ ಹತ್ತವಲ್ದು ವೈನಿ. ಆ ಗೌಂಡಿ ಮ್ಯಾಲ ಕಣ್ಣಿಡ್ರಿ." ಗಂಡ ಹೋದ ಮೇಲೆ ಅವಳಿಗೆ ಉಳಿದದ್ದು ಆ ಮನೆಯೊಂದೇ.

ಗೋಡೆ ಕಟ್ಟುತ್ತಿದ್ದ ಗೌಂಡಿ ಮಹೆಬೂಬ ಉಳಿ ಕೆಳಗಿಟ್ಟ. "ನಿಮ್ಮ ಗೋಡಿ ನಾ ಮುಟ್ಟಿಲ್ರಿ ಆಯಿ. ನಡುವ ಗೇಣು ಜಾಗಾ ಬಿಟ್ಟೇನಿ. ಒಳಗ ಬಂದು ನೋಡ್ರಿ."

"ಆ ಕತ್ತಲದಾಗ ನಾ ಯಾಕ ಬರ್ಲಿ?"

ಬ್ಯಾಂಕು ಬಾಗಿಲು ತೆರೆಯುವ ಮೊದಲೇ ಗೌಂಡಿ ಕನ್ನ ಹಾಕಿದನೆಂಬ ಕಳವಿನ ಮಾತು ಬ್ಯಾಂಕಿನವರಿಗೆ ಬೇಡವಾಗಿತ್ತು. ಸಂಜೆಯೊಳಗೆ ಮಹೆಬೂಬನ ಕೆಲಸ ಹೋಯಿತು.

ಮರುದಿನ ಬ್ಯಾಂಕಿನಲ್ಲಿ ನರಪಿಳ್ಳೆ ಇರಲಿಲ್ಲ. ಆದರೂ ಸದ್ದು ಕೇಳಿತು. ಸಂಗಮ್ಮ ಸದ್ದಿನ ಜಾಡು ಹಿಡಿದು ಒಳಗೆ ನಡೆದಳು. ಹಿಂದಿನ ಕೋಣೆಯ ಬಾಗಿಲ ಸಂದಿಗೆ ಕಣ್ಣಿಟ್ಟಳು. ಜೋಳದ ಚೀಲ ಸರಿಸಿ, ಮೊಣಕಾಲುದ್ದದ ಕುಣಿಯೊಳಗೆ ನಿಂತು ವೈಜನಾಥ ಹಾರೆ ಹಾಕುತ್ತಿದ್ದ.

ಬಾಗಿಲು ಬಡಿದಳು. ಅವನು ಬೆವರೊರೆಸುತ್ತ ತೆರೆದ. "ವಾಡೇದ ಹಂಗ ಇಲ್ಲೂ ಹಂಡೆ ಸಿಕ್ರ ನಿಮಗೂ ಪಾಲು ಅದ, ವೈನಿ."

"ನಡಿ ಹೊರಗ. ಈ ಹೊಸ್ತಿಲ ಮತ್ತ ತುಳೀಬ್ಯಾಡ."

ಬ್ಯಾಂಕಿನವರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಬೇರೆ ಗೌಂಡಿಯನ್ನು ಗೊತ್ತುಮಾಡಿಯಾಗಿದೆ ಎಂದು ಅವರು ಕೈ ತೊಳೆದುಕೊಂಡರು. ಮಹೆಬೂಬ ಕಲ್ಯಾಣಿ ಊರಿಗೆ ಹೋದನೆಂದು ತಿಳಿದು ಬೆಳಿಗ್ಗೆ ಸಿಕ್ಕ ಬಂಡಿ ಹತ್ತಿದಳು.

ಅವನು ಒಂದು ಬಾವಿಯ ಮೆಟ್ಟಿಲು ಸರಿಮಾಡುತ್ತಿದ್ದ. ಸಂಗಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. "ನಂದೇ ತಪ್ಪಾಯ್ತಪ್ಪಾ. ಕುಣಿ ತೋಡಿದಾಂವ ನನ್ನ ಮೈದುನ."

ಮಹೆಬೂಬ ತಲೆ ಎತ್ತಲಿಲ್ಲ. "ಕಳವಿನ ಸುದ್ದಿ ನನಗಿಂತ ಮೊದಲ ಇಲ್ಲಿಗೆ ಬಂದದ, ಆಯಿ. ಮನಿ ಒಳಗಿನ ಕೆಲಸ ಯಾರೂ ಕೊಡವಲ್ರು. ಬಾವ್ಯಾಗ ಕದಿಯಾಕ ಏನದ? ಅದಕ್ಕ ಇದು ಕೊಟ್ಟಾರ."

ಬಾವಿಯ ಮೇಲಿನ ಮನೆಯ ಹೆಂಗಸು ಅವರಿಬ್ಬರನ್ನೂ ನೋಡುತ್ತ ನಿಂತಿದ್ದವಳು ಸರಕ್ಕನೆ ಕದ ಹಾಕಿಕೊಂಡಳು. ಸಂಗಮ್ಮ ಮಂಡಿಗೆ ಕೈಯೂರಿ ಒಂದೊಂದೇ ಮೆಟ್ಟಿಲು ಹತ್ತಿ, ಆ ಮನೆಯ ಚಿಲಕ ಅಲ್ಲಾಡಿಸಿದಳು.

"ಯಾರ್ರಿ?" ಒಳಗಿನಿಂದ ದನಿ ಬಂತು.

"ಆ ಗೌಂಡಿ ಮ್ಯಾಲ ಸುಳ್ಳು ಕಳವು ಹೊರಿಸಿದಾಕಿ ನಾನ್ರಿ, ಕದ ತೆಗೀರಿ."