ಒಕ್ಕಣ್ಣಕ್ಕನ ಎರಡನೆಯ ಕಣ್ಣು

ಎರಡು ಕೊಳವೆಯ ಹೊಸ ಸೂಕ್ಷ್ಮದರ್ಶಕದಲ್ಲಿ ಇಣುಕಿದ ಮೊದಲ ದಿನವೇ ಒಕ್ಕಣ್ಣಕ್ಕ ತಮ್ಮ ರೆಪ್ಪೆಗೂದಲನ್ನೇ ಬೂಷ್ಟಿನ ಎಳೆಯೆಂದು ಬರೆದುಕೊಟ್ಟರು. ಒಂದಲ್ಲ, ಏಳು ಎಳೆ. ಬೀಜಪರೀಕ್ಷೆಯ ಆ ಪ್ರಯೋಗಾಲಯದ ಮುಖ್ಯಸ್ಥರು ಬಂದು ನೋಡಿದರೆ ಗಾಜಿನ ಮೇಲೆ ಬರಿಯ ನೀರು.

"ನಿಮ್ಮ ಬೂಷ್ಟು ಕಣ್ಣು ಮಿಟುಕಿಸುತ್ತೆ ಅಂತ ಕಾಣುತ್ತೆ, ಅಕ್ಕ" ಎಂದು ಅವರು ಮೆಲ್ಲಗೆ ಹೇಳಿದ್ದು ಪಕ್ಕದ ಮೇಜಿನವರೆಗೂ ಕೇಳಿಸಿತು.

ಇಪ್ಪತ್ತೆರಡು ವರ್ಷ ಒಂಟಿ ಕೊಳವೆಯ ಹಳೆಯ ಯಂತ್ರದಲ್ಲಿ ಎಡಗಣ್ಣು ಬಿಗಿಮುಚ್ಚಿ, ತಲೆನೋವಿನಲ್ಲೇ ದುಡಿದವರು ಅಕ್ಕ; ಆ ಹೆಸರು ಬಂದದ್ದೂ ಹಾಗೆ. ಅಭ್ಯಾಸಬಲದಿಂದ ಮಾತನಾಡುವಾಗಲೂ ಆ ಕಣ್ಣು ಅರ್ಧ ಮುಚ್ಚುತ್ತಿದ್ದುದರಿಂದ, ಹೊಸದಾಗಿ ಸೇರಿದವರಿಗೆ ಇವರು ತಮ್ಮನ್ನು ನಂಬುತ್ತಿಲ್ಲವೆಂಬ ಅಳುಕು. ಅಕ್ಕ ಕಣ್ಣು ಮುಚ್ಚಿ ಕೆಲಸ ಮಾಡುತ್ತಾರೆಂದರೆ ಅಲ್ಲಿ ಅದು ಹೊಗಳಿಕೆ.

ಹಳೆಯ ಯಂತ್ರ ಉಗ್ರಾಣ ಸೇರಿತ್ತು. ತಿಂಗಳೊಳಗೆ ಹೊಸದು ಕೈಹತ್ತದಿದ್ದರೆ ಅಕ್ಕ ದಾಖಲೆಯ ಮೇಜಿಗೆ ಹೋಗಬೇಕೆಂದು ಅಪ್ಪಣೆಯಾಯಿತು. ಬೂಷ್ಟನ್ನು ಕಾಣದೆ ಅದರ ಹೆಸರನ್ನಷ್ಟೇ ಬರೆಯುತ್ತ ಕೂರುವುದು ಅವರಿಗೆ ವನವಾಸ. ಎಡಗಣ್ಣಿನ ದೋಷ ಬಲಗಣ್ಣಿನದಕ್ಕಿಂತ ಬಹಳ ಹೆಚ್ಚೆಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಕನ್ನಡಕ ತೆಗೆದು ಕೋಟಿನ ಜೇಬಿಗಿಟ್ಟು, ಕೊಳವೆಗೆ ಕಣ್ಣೊತ್ತಿ, ಕೊಳವೆಗೊಂದರಂತೆ ಕಾಣುವ ಬೆಳಕಿನ ಜೋಡಿ ಚಂದ್ರರೊಡನೆ ಗುದ್ದಾಡಿದರು.

ಕೊನೆಗೆ ಊಟದ ಬಿಡುವಿನಲ್ಲಿ ತಂಗಿಯನ್ನು ಕರೆಸಿದರು. ಅವಳು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವಳು.

"ಕನ್ನಡಕ ಯಾಕೆ ತೆಗೀತೀಯೇ?"

"ಗೀರು ಬೀಳುತ್ತೆ ಕಣೇ."

"ಬಿದ್ರೆ ಬೇರೆ ಗಾಜು ಹಾಕಿಕೊಡ್ತೀನಿ. ಬೇರೆ ಕಣ್ಣು ಹಾಕಿಕೊಡೋಕಾಗುತ್ತಾ?"

ಅವಳು ಕೊಳವೆಗಳ ತುದಿಯ ರಬ್ಬರನ್ನು ಮಡಚಿದಳು. ಕನ್ನಡಕ ತೊಡಿಸಿ, ಅಕ್ಕನ ತಲೆಯನ್ನು ಒಂದು ಬೆರಳಷ್ಟು ಹಿಂದಕ್ಕೆಳೆದು, ಚಂದ್ರರಿಬ್ಬರೂ ಒಂದಾಗುವವರೆಗೆ ಕೊಳವೆಗಳನ್ನು ಹತ್ತಿರಕ್ಕೆ ಸರಿಸಿದಳು. ಮೊದಲು ಬಲಗಣ್ಣಿಗೆ ಬಿಂಬ ನಿಚ್ಚಳವಾಗುವವರೆಗೆ ದೊಡ್ಡ ತಿರುಪು. ಆಮೇಲೆ ಬಲಗಣ್ಣು ಮುಚ್ಚಿ, ಎಡಗಣ್ಣಿಗೂ ನಿಚ್ಚಳವಾಗುವಂತೆ ಎಡಗೊಳವೆಯ ಸುತ್ತಲಿನ ಬಳೆಯನ್ನಷ್ಟೇ ತಿರುಗಿಸಬೇಕು. ಕಷ್ಟವಾದದ್ದು ಆ ಮುಚ್ಚುವುದೇ. ಇಪ್ಪತ್ತೆರಡು ವರ್ಷದಲ್ಲಿ ಆ ಕಣ್ಣಿಗೆ ರಜೆಯೇ ಸಿಕ್ಕಿರಲಿಲ್ಲ. ಆಮೇಲೆ ಎರಡನ್ನೂ ತೆರೆದಾಗ, ಒಂದೇ ಬೆಳಕಿನ ಬಟ್ಟಲಲ್ಲಿ ಬೂಷ್ಟಿನ ಎಳೆಯೊಂದು ಮಣಿಮಣಿಯಾಗಿ ನಿಂತಿತ್ತು. ಅಕ್ಕ ಮಣಿಗಳನ್ನು ಎಣಿಸತೊಡಗಿದರು.

ತಿಂಗಳ ಕೊನೆಗೆ ಮುಖ್ಯಸ್ಥರು ಬೂಷ್ಟು ಹಚ್ಚಿದ ಇಪ್ಪತ್ತು ಗಾಜು ಕೊಟ್ಟು ಪರೀಕ್ಷಿಸಿದರು. ಇಪ್ಪತ್ತರಲ್ಲೂ ಅಕ್ಕನ ಎಣಿಕೆ ಅವರದಕ್ಕೆ ತಾಳೆಯಾಯಿತು. ದಾಖಲೆಯ ಮೇಜಿಗೆ ಬೇರೆಯವರು ಹೋದರು.

ಒಂದೇ ಕೆಲಸದಲ್ಲಿ ಪಳಗಿದವರ ಕುಲವೇ ಹೀಗೆ. ತಮ್ಮ ಕೊರತೆಯನ್ನು ಕೌಶಲವೆಂದೇ ಸಾಕಿ ಬೆಳೆಸುತ್ತಾರೆ. ಅದು ಕಳಚಿಬಿದ್ದ ದಿನ ಊರಿಗೆ ಹಬ್ಬವೆನಿಸಿದರೂ ಅವರಿಗದು ಇನ್ನೊಂದು ಕೆಲಸದ ದಿನ. ಮುಖ್ಯಸ್ಥರಿಗೆ ಇದು ತಿಳಿಯದು. ಎರಡೂ ಕಣ್ಣು ತೆರೆದ ಮೇಲೆ ಹೊಸದೇನು ಗೊತ್ತಾಯಿತೆಂದು ಅವರು ಬಹಳ ಭಾವುಕರಾಗಿ ಕೇಳಿದರು.

ಅಕ್ಕ ಕನ್ನಡಕ ಸರಿಪಡಿಸಿಕೊಂಡರು.

"ಹಸಿವು, ಸಾರ್. ಮೊದಲೆಲ್ಲ ತಲೆನೋವಲ್ಲಿ ಗೊತ್ತೇ ಆಗ್ತಿರಲಿಲ್ಲ."