ಕರಕರ ತೆಗೆದ ದನಿ

ಗಂಟಲಿನ ಆಪರೇಷನ್ ಆದ್ಮೇಲೆ ಮಾತು ಬರಲ್ಲ ಅಂತ ಡಾಕ್ಟರು ಹೇಳಿದ ದಿನವೇ ಹೋಗಿ ಜೀರುಂಡೆಯ ಬಾಗಿಲು ತಟ್ಟಿದೆ. ಜೀರುಂಡೆ ಅಂದ್ರೆ ಮೇಲಿನ ಮಹಡಿಯ ಸಂಗೀತಗಾರ, ಹೆಸರಿಟ್ಟವಳು ನಾನೇ. ಅವನದು ಹಾಡಲ್ಲ, ತಾಳವಿಲ್ಲ. ಫ್ರಿಜ್ಜಿನ ಗುಂಯ್, ನಲ್ಲಿಯ ತೊಟ್ಟು, ಲಿಫ್ಟಿನ ನರಳಾಟ ಎಲ್ಲ ರೆಕಾರ್ಡ್ ಮಾಡ್ಕೊಂಡು, ಎಳೆದೆಳೆದು ಹೊಗೆ ಥರ ಹರಡ್ತಾನೆ. ಅದರ ಜೊತೆ ನನ್ನ ಕವಿತೆ ಓದಿಸಿ, ಇಬ್ಬರೂ ಸೇರಿ ಒಂದು ಆಲ್ಬಂ ಮಾಡೋಣ ಅಂತ ಬೆನ್ನು ಹತ್ತಿದ್ದ. "ನಿನ್ನ ಫ್ರಿಜ್ಜಿಗೆ ನಾನು ಪಕ್ಕವಾದ್ಯ ಆಗ್ಬೇಕೇನೋ?" ಅಂತ ಬೈದು ಕಳಿಸ್ತಿದ್ದೆ. ಈಗ ಅಗತ್ಯ ನನ್ನದಾಗಿತ್ತು.

ಅಮ್ಮನಿಗಾಗಿ. ಅವಳು ದೂರದಲ್ಲಿ, ನನ್ನ ತಮ್ಮನ ಮನೇಲಿ ಹಾಸಿಗೆ ಹಿಡಿದಿದ್ದಾಳೆ, ಕಣ್ಣೂ ಕಾಣಲ್ಲ. ಬೆಳಿಗ್ಗೆ ನನ್ನ ಫೋನು ಬಂದ್ರೇನೇ ಅವಳಿಗೆ ತುತ್ತು ಇಳಿಯೋದು. ಕಾಯಿಲೆ ವಿಷಯ ಮುಚ್ಚಿಟ್ಟಿದ್ವಿ. ಅದಕ್ಕೇ, ಆಮೇಲೆ ಫೋನಲ್ಲಿ ಅವಳಿಗೆ ಕೇಳಿಸೋಣ ಅಂತ ಒಂದು ಕವಿತೆಯನ್ನ ಫೋನಿನ ಮಾತಿನ ಹಾಗೇ ಬರೆದೆ, "ಅಮ್ಮಾ, ಊಟ ಆಯ್ತಾ?" ಅಂತ ಶುರು. ಶಾಲೆಯಲ್ಲಿ ಮಕ್ಕಳ ಮೇಲೆ ಕಿರುಚಿ ಕಿರುಚಿ ಕೆಟ್ಟ ಗಂಟಲು ನನ್ನದು, ತಗಡು ಉಜ್ಜಿದ ಹಾಗೆ. ಆದ್ರೂ ಅಮ್ಮನ ಪಾಲಿಗೆ ಮಗಳು ಅಂದ್ರೆ ಅದೇ.

ಜೀರುಂಡೆ ಗೋಡೆಗೆ ಹಾಸಿಗೆ ಒರಗಿಸಿ, ಕಿಟಕಿಗೆ ಕಂಬಳಿ ಹೊದಿಸಿ, ಮೈಕಿನ ಮುಂದೆ ಕೂರಿಸಿದ. ಕೆಮ್ಮಿದೆ, ಉಗಿದೆ, ಬಾಯಲ್ಲಿ ರಕ್ತದ ರುಚಿ ಬಂತು. ಬಿಡಲಿಲ್ಲ, ಪೂರ್ತಿ ಓದಿದೆ.

"ಅಕ್ಕಾ, ಸಾಕಾ?" ಅಂದ.

"ಸಾಕು ಕಣೋ. ಇನ್ನೇನಿದ್ರೂ ನಿನ್ನ ಫ್ರಿಜ್ಜೇ ಮಾತಾಡ್ಲಿ."

ಆಸ್ಪತ್ರೆಯಿಂದ ಬಂದಾಗ ಕುತ್ತಿಗೇಲಿ ತೂತು, ಕೈಯಲ್ಲಿ ಸ್ಲೇಟು. ಜೀರುಂಡೆ ಹಿಗ್ಗಿ ಹೀರೇಕಾಯಿಯಾಗಿ ಆಲ್ಬಂ ಹಾಕಿದ. ಗುಂಯ್ ಅಂತ ಶಬ್ದ ಎದ್ದಿತು. ಚೆನ್ನಾಗೇ ಇತ್ತು, ಹಾಳಾದ್ದು. ಆಮೇಲೆ ಯಾರೋ ಹೆಂಗಸು ಓದೋಕೆ ಶುರುಮಾಡಿದಳು, ಎಣ್ಣೆ ಸವರಿದಷ್ಟು ನುಣುಪಾದ ದನಿ.

"ಕರಕರ, ಒಡಕು, ಕೆಮ್ಮು ಎಲ್ಲ ಕೂತ್ಕೊಂಡು ತೆಗೆದೆ ಅಕ್ಕಾ. ಕಾಯಿಲೆ ಇತ್ತು ಅಂತಲೇ ಗೊತ್ತಾಗಲ್ಲ."

"ಮೊದಲಿನದು ಎಲ್ಲಿ?" ಸ್ಲೇಟಿನ ಮೇಲೆ ಗೀಚಿದೆ.

ಕಂಪ್ಯೂಟರೆಲ್ಲ ತಡಕಾಡಿದ. ಹೊಸದನ್ನ ಅದರ ಮೇಲೇ ಸೇವ್ ಮಾಡಿ ಹಳೇದನ್ನ ಅಳಿಸಿಬಿಟ್ಟಿದ್ದ.

ಎತ್ತಿ ಬಡೀಬೇಕು ಅನ್ನಿಸ್ತು. ಆದ್ರೆ ತಲೆ ಹಿಡಿದುಕೊಂಡು ಅಳ್ತಾ ಕೂತವನನ್ನ ಏನಂತ ಬಡೀಲಿ? ಪಾಪಿ, ಒಳ್ಳೇದು ಮಾಡೋಕೆ ಹೋಗಿದ್ದ. ಬಾಯಿತುಂಬ ಬೈಯೋಣ ಅಂದ್ರೆ ದನಿಯಾದ್ರೂ ಬೇಡ್ವಾ? ನನ್ನ ಫೋನಲ್ಲಿ ನನ್ನ ದನಿ ಹುಡುಕಿದ್ರೆ ಸಿಕ್ಕಿದ್ದು "ಹಾಲು ತಗೊಂಡು ಬಾ", "ಬೀಗದ ಕೈ ಎಲ್ಲಿಟ್ಟೆ?" ಅಷ್ಟೇ. ಅದನ್ನ ಅಮ್ಮನಿಗೆ ಏನಂತ ಕೇಳಿಸೋದು?

ಮರುದಿನ ಬೆಳಿಗ್ಗೆ ತಮ್ಮನ ಹೆಂಡತಿ ಅಮ್ಮನ ಕಿವಿಗೆ ಫೋನಿಟ್ಟಳು. ಬೇರೆ ದಾರಿಯಿಲ್ಲದೆ ಜೀರುಂಡೆಯ ಆ ನುಣುಪು ದನಿಯನ್ನೇ ಹಾಕಿದೆ.

ಅಮ್ಮ ಕೊನೆವರೆಗೂ ಕೇಳಿದಳು.

"ಊಟ ಆಯ್ತಮ್ಮಾ," ಅಂದಳು. "ಯಾರ ಮನೆ ಮಗಳೋ ಕಾಣೆ, ಎಷ್ಟು ಚೆನ್ನಾಗಿ ಮಾತಾಡ್ತೀಯ! ನಮ್ಮವಳು ಫೋನೇ ಮಾಡಿಲ್ಲ ನೋಡು. ಎಲ್ಲಾದ್ರೂ ಸಿಕ್ಕಿದ್ರೆ ಹೇಳ್ತೀಯಾ, ಅಮ್ಮನಿಗೆ ಕೋಪ ಇಲ್ಲ ಅಂತ?"

ಫೋನಿಗೆ ಬಾಯಿ ಒತ್ತಿ 'ಅಮ್ಮಾ' ಅಂದೆ. ಗಾಳಿಯೆಲ್ಲ ಕುತ್ತಿಗೆಯ ತೂತಿಂದ ಹೋಯ್ತು.

"ಲೈನ್ ಕಟ್ಟಾಯ್ತೇನೋ," ಅಂತ ಅಮ್ಮ ಫೋನನ್ನ ಸೊಸೆಗೆ ಕೊಟ್ಟಳು.