ಎರಡು ತಲೆಯ ವೈರು

ಹಿಟ್ಟು ಉಬ್ಬುವ ಹೊತ್ತಿಗೇ ಕರೆಂಟು ಹೋಗುವುದು ಆ ಬೀದಿಗೆ ಹೊಸದಲ್ಲ. ಕರೆಂಟು ಬರಲಿ ಎಂದು ಹಿಟ್ಟು ಕಾಯುವುದಿಲ್ಲ, ಹುಳಿಯಾಗುತ್ತದೆ. ಅದಕ್ಕೇ, ಅಂಗಡಿಗೆ ಅಂಟಿಕೊಂಡೇ ಮನೆ ಮಾಡಿಕೊಂಡಿದ್ದ ಬೇಕರಿಯವನು ಒಂದು ಸಣ್ಣ ಜನರೇಟರ್ ತಂದು ಹಿತ್ತಲಲ್ಲಿ ಇಟ್ಟುಕೊಂಡಿದ್ದ. ಅದನ್ನು ಅಂಗಡಿಗೆ ಜೋಡಿಸಿದ ರೀತಿ ಮಾತ್ರ ಅವನ ಸ್ವಂತ ಬುದ್ಧಿಯದು. ಎರಡೂ ತುದಿಗೆ ಪ್ಲಗ್ ಇರುವ ವೈರೊಂದನ್ನು ಮಾಡಿಕೊಂಡಿದ್ದ. ಒಂದು ತಲೆ ಜನರೇಟರಿಗೆ, ಇನ್ನೊಂದು ತಲೆ ಗೋಡೆಯ ಸಾಕೆಟ್ಟಿಗೆ. ಇಡೀ ಅಂಗಡಿಗೆ ಕರೆಂಟು ಬರುತ್ತಿತ್ತು.

ಅವನ ಹೆಂಡತಿಯ ತಮ್ಮ ವಿದ್ಯುತ್ ಕಚೇರಿಯಲ್ಲಿ ಲೈನ್ ಕೆಲಸಕ್ಕಿದ್ದ. ಆ ವೈರನ್ನು ಕಂಡ ಮೊದಲ ದಿನವೇ ಮುಖ ಸಿಂಡರಿಸಿದ್ದ.

“ಭಾವ, ಇದು ವೈರಲ್ಲ, ಎರಡು ತಲೆ ಹಾವು. ಯಾವ ಕಡೆಯಿಂದ ಕಚ್ಚುತ್ತೋ ಹೇಳಕ್ಕಾಗಲ್ಲ. ಒಂದು ಚೇಂಜ್‌ಓವರ್ ಸ್ವಿಚ್ ಹಾಕಿಸಿ.”

“ನಿಂಗೆ ಹತ್ತೋಕೆ ಅಷ್ಟೊಂದು ಕಂಬ ಇದೆಯಲ್ಲಪ್ಪ, ನನ್ನ ಗೋಡೆನೂ ಬೇಕಾ?” ಎಂದು ಬೇಕರಿಯವನು ನಕ್ಕಿದ್ದ. ಮೊದಲು ಮೇನ್ ಸ್ವಿಚ್ ಇಳಿಸಿ, ಆಮೇಲೆ ಜನರೇಟರ್ ಹಚ್ಚುತ್ತೇನೆ, ಇದರಲ್ಲೇನು ಬ್ರಹ್ಮವಿದ್ಯೆ ಎಂಬುದು ಅವನ ವಾದ. ಹೆಂಡತಿಯೂ ಪ್ರತಿ ಸಲ ಒಳಗಿನಿಂದ ಕೇಳುತ್ತಿದ್ದಳು, “ರೀ, ಮೇನ್ ಇಳಿಸಿದ್ರಾ?”

ಆ ಬೆಳಿಗ್ಗೆಯೂ ಕೇಳಿದಳು. ಗಾಳಿಗೆ ಕೊಂಬೆ ಮುರಿದು ಬಿದ್ದು, ಕಂಬದಿಂದ ಅವರ ಅಂಗಡಿಗೆ ಬರುವ ತಂತಿಯೇ ತುಂಡಾಗಿ ನೇತಾಡುತ್ತಿತ್ತು. “ಬರೋ ಕರೆಂಟೇ ಇಲ್ಲ, ಇನ್ನು ಇಳಿಸೋದೇನು?” ಎಂದ ಅವನು. ಜನರೇಟರ್ ಹಚ್ಚಿದ.

ತಂತಿ ಕಟ್ಟಲು ಭಾವಮೈದನ ಜೊತೆ ಹಿರಿಯ ಲೈನ್‌ಮ್ಯಾನ್ ಬಂದರು. ಬೀದಿಯವರೆಲ್ಲ ಅವರನ್ನು ಕಂಬದಣ್ಣ ಎನ್ನುತ್ತಿದ್ದರು. ಭಾವಮೈದ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರಿಗೆ ಹೋಗಿ ಫ್ಯೂಸ್ ಕಿತ್ತ. ಕಂಬದಣ್ಣ ಕಂಬ ಹತ್ತಿ, ಸೊಂಟದ ಬೆಲ್ಟ್ ಬಿಗಿದು, ಬೀದಿಯ ತಂತಿಯನ್ನು ಪರೀಕ್ಷಿಸಿದರು. ಕರೆಂಟು ಇರಲಿಲ್ಲ. ಆಮೇಲೆ ಅಂಗಡಿಯ ಕಡೆಯಿಂದ ನೇತಾಡುತ್ತಿದ್ದ ತುದಿಗೆ ಕೈ ಹಾಕಿದರು.

ಕೂಗು ಕೇಳಿದಾಗ ಬೇಕರಿಯವನು ಹಿಟ್ಟು ನಾದುವ ಯಂತ್ರದ ಮುಂದಿದ್ದ. ಅವನ ಕಾಲು ಬೀದಿಯ ಕಡೆ ಓಡಲಿಲ್ಲ. ಹಿತ್ತಲಿಗೆ ಓಡಿತು. ಜನರೇಟರ್ ಆರಿಸಿದ, ವೈರು ಕಿತ್ತ, ಮೈದಾ ಮೂಟೆಯ ಕೆಳಗೆ ತುರುಕಿದ. ಆಮೇಲೆ, ಏನೂ ತಿಳಿಯದವನ ಹಾಗೆ ಬೀದಿಗೆ ಬಂದು ಕತ್ತೆತ್ತಿ ನೋಡಿದ. ಕಂಬದಣ್ಣ ಬೆಲ್ಟಿನಲ್ಲಿ ಜೋತಾಡುತ್ತಿದ್ದರು.

ಬೆಲ್ಟ್ ಇದ್ದದ್ದರಿಂದ ಜೀವ ಉಳಿಯಿತು. ಬಲಗೈ ಸುಟ್ಟಿತ್ತು. ಕಚೇರಿಯವರು ಕೇಳಿದ ಪ್ರಶ್ನೆ ಒಂದೇ: ಕೆಲಸ ಮುಗಿಯುವ ಮೊದಲೇ ಫ್ಯೂಸ್ ವಾಪಸ್ ಹಾಕಿದ್ದು ಯಾರು? ಭಾವಮೈದ ತಾನು ಹಾಕಲಿಲ್ಲ ಎಂದ. ಫ್ಯೂಸ್ ಕಿತ್ತಿದ್ದವನು ಅವನೊಬ್ಬನೇ, ನಂಬುವವರು ಯಾರು? ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದುಬಿಟ್ಟರು.

ಅಂದು ಸಂಜೆ ಅವನು ಅಕ್ಕನ ಮನೆಗೆ ಬಂದು ನೀರು ಕುಡಿದ. ಗೋಡೆಯ ಸಾಕೆಟ್ ನೋಡಿದ. ಭಾವನ ಮುಖ ನೋಡಿದ. ಲೋಟ ತೊಳೆದಿಟ್ಟು ಹೊರಟುಹೋದ. ಬೈದಿದ್ದರೆ ಬೇಕರಿಯವನು ಜಗಳವಾಡಿ ಹಗುರಾಗುತ್ತಿದ್ದ. ಆ ಲೋಟ ಬೋರಲಾಗಿಯೇ ಇತ್ತು, ರಾತ್ರಿಯವರೆಗೂ ಅದನ್ನು ಮುಟ್ಟಲು ಅವನಿಗೆ ಕೈ ಬರಲಿಲ್ಲ.

ಮರುದಿನ ಮೈದಾ ಮೂಟೆ ಎಳೆದಾಗ ಹೆಂಡತಿಗೆ ವೈರು ಸಿಕ್ಕಿತು. ಹಿಟ್ಟು ಮೆತ್ತಿದ್ದ ಆ ವೈರನ್ನು ಬಟ್ಟೆಯಿಂದ ಒರೆಸಿ, ಗಿರಾಕಿಗಳ ಮುಂದೆಯೇ ಗಲ್ಲಾ ಪಕ್ಕದಲ್ಲಿ ಸುತ್ತಿಟ್ಟು ಒಳಗೆ ಹೋದಳು. ಅದೇನೆಂದು ಯಾರೂ ಕೇಳಲಿಲ್ಲ. ಆದರೂ ಬನ್ ಕಟ್ಟಿಕೊಡುವಾಗ ಅವನಿಗೆ ಯಾರ ಕಣ್ಣನ್ನೂ ನೋಡಲಾಗಲಿಲ್ಲ.

ಅವನು ಅದನ್ನು ಬ್ರೆಡ್ಡಿನ ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದ. ಭಾವಮೈದ ಅಲ್ಲೇ ಇದ್ದ, ಕಂಬದಣ್ಣನಿಗೆ ಚಮಚದಿಂದ ಗಂಜಿ ಕುಡಿಸುತ್ತಿದ್ದ.

“ಬಾರಯ್ಯ. ಬನ್ ತಂದ್ಯಾ? ಎಡಗೈಲಿ ತಿನ್ನೋದು ಕಲೀತಿದೀನಿ,” ಎಂದರು ಕಂಬದಣ್ಣ.

ಅವನು ಚೀಲವನ್ನು ಹಾಸಿಗೆಯ ಮೇಲೆ ಬಗ್ಗಿಸಿದ. ವೈರು ಬಿತ್ತು. “ಕರೆಂಟು ನಮ್ಮ ಮನೆಯಿಂದ ಬಂದಿದ್ದು ಅಣ್ಣ. ಮೇನ್ ಇಳಿಸಿರಲಿಲ್ಲ, ಜನರೇಟರ್ ಕರೆಂಟು ಆ ತಂತಿಗೆ ಹರೀತು,” ಎಂದ.

ಕಂಬದಣ್ಣ ಎರಡು ಪ್ಲಗ್ಗುಗಳನ್ನೂ ಎಡಗೈಯಲ್ಲಿ ತಿರುಗಿಸಿ ನೋಡಿದರು. “ನಾನೂ ಆ ತುದಿ ಟೆಸ್ಟ್ ಮಾಡ್ಬೇಕಿತ್ತು. ಮನೆ ಕಡೆಯಿಂದ ಸಾವು ಬರುತ್ತೆ ಅಂತ ಅಂದ್ಕೊಳ್ಳಿಲ್ಲ,” ಎಂದರು. ಅವರು ಅಷ್ಟು ಮೆತ್ತಗೆ ಹೇಳಿದ್ದೇ ಅವನನ್ನು ಹೆಚ್ಚು ಸುಟ್ಟಿತು.

ಹೊರಗೆ ಬಂದಾಗ ಭಾವಮೈದನನ್ನು ಕೇಳಿದ, ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು.

“ನೀವೇ ಹೇಳ್ತೀರಾ ಅಂತ ಕಾಯ್ತಿದ್ದೆ, ಭಾವ.”

ಅವನು ನೆಟ್ಟಗೆ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿದ. ಭಾವಮೈದ ಕೆಲಸಕ್ಕೆ ಮರಳಿದ. ರಜೆಯ ದಿನ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆದುಕೊಂಡು ಬಂದ. ಗೋಡೆಗೆ ಚೇಂಜ್‌ಓವರ್ ಸ್ವಿಚ್ ಕೂರಿಸಿದರು. ಹಿಡಿಯನ್ನು ಒಂದು ಕಡೆ ತಿರುಗಿಸಿದರೆ ಬೀದಿಯ ಕರೆಂಟು, ಇನ್ನೊಂದು ಕಡೆ ತಿರುಗಿಸಿದರೆ ಜನರೇಟರ್, ನಡುವೆ ಎರಡೂ ಇಲ್ಲ. ಎರಡೂ ಒಟ್ಟಿಗೆ ಸೇರುವ ದಾರಿಯೇ ಇಲ್ಲ. ಮರೆವಿಗೆ ಅಲ್ಲಿ ಜಾಗವಿಲ್ಲ.

ಬೇಕರಿಯವನಿಗೆ ಇನ್ನೂ ಒಂದು ಸಂಶಯ. “ಜನರೇಟರಲ್ಲೇ ಬ್ರೇಕರ್ ಇತ್ತಲ್ಲ, ಅದ್ಯಾಕೆ ಬೀಳಲಿಲ್ಲ?”

“ಅದು ವೈರಿನ ಕಾವಲು, ಮನುಷ್ಯನದಲ್ಲ. ಹೊರೆ ಜಾಸ್ತಿಯಾಗಿ ವೈರು ಸುಡೋ ಹಾಗಾದ್ರೆ ಬೀಳುತ್ತೆ. ಮನುಷ್ಯನ ಜೀವ ಹೋಗೋಕೆ ಅಷ್ಟು ಕರೆಂಟು ಬೇಡ ಭಾವ, ಅದರ ಚೂರು ಸಾಕು. ಆ ಚೂರನ್ನ ಹಿಡಿಯೋದಕ್ಕೆ ಬೇರೆ ಕಾವಲು ಬೇಕು.”

ಜನರೇಟರಿನ ಕರೆಂಟು ನಾದುವ ಯಂತ್ರಕ್ಕೆ, ಫ್ರಿಜ್ಜಿಗೆ, ದೀಪಗಳಿಗೆ ಬೇರೆ ಬೇರೆಯಾಗಿ ಹೋಗುವಂತೆ ಪೆಟ್ಟಿಗೆಯೊಂದನ್ನು ಕೂರಿಸಿದರು. ಪ್ರತಿ ದಾರಿಗೂ ತಕ್ಕ ಅಳತೆಯ ಬ್ರೇಕರ್ ಹಾಕಿದರು. ಒಂದು ಕೆಟ್ಟರೆ ಅದೊಂದೇ ಬೀಳುತ್ತದೆ. ನೆಲಕ್ಕೆ ಅರ್ಥಿಂಗ್ ಕೊಟ್ಟು, ಸೋರುವ ಕರೆಂಟನ್ನು ಕಂಡೊಡನೆ ಕಡಿಯುವ ಇ.ಎಲ್.ಸಿ.ಬಿ. ಹಾಕಿದರು. ಹೆಂಡತಿ ಅದರ ಪರೀಕ್ಷೆಯ ಗುಂಡಿ ಒತ್ತಿ ನೋಡಿದಳು. ಟಕ್ ಎಂದು ಬಿತ್ತು. ಎಷ್ಟೋ ದಿನದ ಮೇಲೆ ಗಂಡನ ಕಡೆ ತಿರುಗಿದಳು. “ಇನ್ಮೇಲೆ ನಾನು ಕೇಳಬೇಕಾಗಿಲ್ಲ,” ಎಂದಳು.

ಕಂಬದಣ್ಣ ಈಗ ಕಂಬ ಹತ್ತುವುದಿಲ್ಲ. ಎರಡು ಬೆರಳು ಮಡಚುವುದಿಲ್ಲ. ಬೆಳಿಗ್ಗೆ ಬನ್ನಿಗೆ ಬರುತ್ತಾರೆ, ಎಡಗೈ ಚಾಚುತ್ತಾರೆ. ಬೇಕರಿಯವನು ದಿನವೂ ಆ ಕೈಗೆ ಬನ್ ಇಡುತ್ತಾನೆ, ದಿನವೂ ತಲೆ ತಗ್ಗಿಸುತ್ತಾನೆ.

ಓದುತ್ತಿರುವವರೇ, ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಜನರೇಟರ್ ಇದ್ದರೆ ಈಗಲೇ ಎದ್ದು ಹೋಗಿ ನೋಡಿ. ಅದು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ್ದಾದರೆ ಜನರೇಟರ್ ಆರಿಸಿ, ಮೇನ್ ಇಳಿಸಿ, ವೈರಿನ ಎರಡೂ ತಲೆ ಕಿತ್ತ ಮೇಲೆ ಅದನ್ನು ಕತ್ತರಿಸಿ ಎಸೆಯಿರಿ. ಚೇಂಜ್‌ಓವರ್ ಸ್ವಿಚ್, ತಕ್ಕ ಬ್ರೇಕರ್, ಅರ್ಥಿಂಗ್, ಇ.ಎಲ್.ಸಿ.ಬಿ. ಇವನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಿಂದಲೇ ಹಾಕಿಸಿ. ನೆನಪಿನ ಮೇಲೆ ಭಾರ ಹಾಕಬೇಡಿ. ನೀವು ಮರೆತ ದಿನವೇ ಕಂಬದ ಮೇಲೆ ಯಾರೋ ಇರಬಹುದು. ತಂತಿಯ ಆ ತುದಿಯಲ್ಲಿ ಒಂದು ಕೈ ಇರುತ್ತದೆ.